ನಿಯಮ, ಬಂಧನ ಎರಡನ್ನೂ ಒಂದೇ ಅರ್ಜಿಯಲ್ಲಿ ಪ್ರಶ್ನಿಸಬಹುದೇ?

ಗಾಡಿಯವನ ತಮ್ಮ:
ದಾವಣಗೆರೆ ಜಿಲ್ಲೆಯ ಒಂದು ಪಟ್ಟಣದಲ್ಲಿ ನಮ್ಮಣ್ಣ ಬಸ್ ನಿಲ್ದಾಣದ ಎದುರು ಮಂಡಕ್ಕಿ-ಮಿರ್ಚಿ ಗಾಡಿ ಇಟ್ಟಿದ್ದಾನೆ. ಬೀದಿ ವ್ಯಾಪಾರಿಗಳ ಸಮೀಕ್ಷೆಯಲ್ಲಿ ಹೆಸರಿದೆ, ಗುರುತಿನ ಚೀಟಿಯೂ ಇದೆ. ಈಚೆಗೆ ‘ಸಾರ್ವಜನಿಕರಿಗೆ ಅಡಚಣೆಯಾಗುವಂತೆ ಯಾರೂ ನಿಲ್ಲಬಾರದು’ ಎಂಬ ಹೊಸ ನಿಯಮದ ಫಲಕ ನೆಟ್ಟರು. ಹಿಂದೆಯೇ ಗಾಡಿ ಎತ್ತಲು ಬಂದರು. ‘ನೋಟಿಸ್ ತೋರಿಸಿ’ ಎಂದು ಅಣ್ಣ ಹಿಡಿಕೆ ಬಿಡಲಿಲ್ಲ. ಬಾಣಲೆಯಲ್ಲಿ ಕಾಯುತ್ತಿದ್ದ ಎಣ್ಣೆಯನ್ನು ಚರಂಡಿಗೆ ಸುರಿದು, ಒಲೆ, ಸಿಲಿಂಡರ್, ಮಂಡಕ್ಕಿ ಚೀಲ ಎಲ್ಲವನ್ನೂ ಟ್ರ್ಯಾಕ್ಟರಿಗೆ ಹಾಕಿದರು. ಅವನನ್ನು ರಾತ್ರಿಯಿಡೀ ಠಾಣೆಯಲ್ಲಿ ಕೂರಿಸಿ, ಬೆಳಿಗ್ಗೆ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ದಂಡ ಕಟ್ಟಿದರೆ ಸಾಮಾನು ಕೊಡುತ್ತಾರಂತೆ. ಮಗಳ ಕಣ್ಣೆದುರು ಕಳ್ಳನಂತೆ ಜೀಪು ಹತ್ತಿಸಿದ್ದನ್ನು ಅವನಿಗೆ ನುಂಗಿಕೊಳ್ಳಲಾಗುತ್ತಿಲ್ಲ. ಕೋರ್ಟಿಗೆ ಹೋಗಬಹುದೇ?

ದಾವಣಗೆರೆಯ ವಕೀಲ:
ಖಂಡಿತ ಹೋಗಬಹುದು. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ, ಅಂದರೆ ಸರ್ಕಾರಿ ಅಧಿಕಾರಿಗಳ ಅಕ್ರಮ ಕ್ರಮವನ್ನು ನೇರವಾಗಿ ಪ್ರಶ್ನಿಸುವ ಅರ್ಜಿ, ಸಲ್ಲಿಸಬೇಕು. ಧಾರವಾಡ ಪೀಠಕ್ಕಲ್ಲ, ನಮ್ಮ ಜಿಲ್ಲೆಯವರು ಬೆಂಗಳೂರಿಗೇ ಹೋಗಬೇಕು.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಸಮೀಕ್ಷೆ ಮುಗಿದು ಎಲ್ಲರಿಗೂ ವ್ಯಾಪಾರದ ಪ್ರಮಾಣಪತ್ರ ಸಿಗುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ 30 ದಿನಗಳ ನೋಟಿಸ್ ಬೇಕು. ವಶಪಡಿಸಿಕೊಂಡ ಸಾಮಾನಿನ ಪಟ್ಟಿಯ ಪ್ರತಿ ಕೊಡಲೇಬೇಕು. ಸ್ಥಳೀಯ ನಿಯಮ ಅಡ್ಡ ಬಂದರೆ ಕಾಯ್ದೆಯ ಮಾತೇ ನಡೆಯುತ್ತದೆ. ಒಂದು ಎಚ್ಚರಿಕೆ: ಬೀದಿ ವ್ಯಾಪಾರ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 1989ರ ಸೋದನ್ ಸಿಂಗ್ ತೀರ್ಪು ಹೇಳಿದೆ, ಆದರೆ ಇಂಥದೇ ಜಾಗ ಬೇಕೆನ್ನುವ ಹಕ್ಕನ್ನು ಕೊಟ್ಟಿಲ್ಲ. ಆದ್ದರಿಂದ ಜಾಗಕ್ಕಿಂತ ಎಬ್ಬಿಸಿದ ರೀತಿಯನ್ನು ಹಿಡಿಯಿರಿ.

ಬಂಧನದ ವಿಷಯ ಇನ್ನೂ ಗಂಭೀರ. ಬಂಧನದ ವೇಳೆ ಪೊಲೀಸರು ಪಾಲಿಸಬೇಕಾದ ನಿಯಮಗಳನ್ನು ಸುಪ್ರೀಂ ಕೋರ್ಟ್ ಹೇಳಿದ ಡಿ.ಕೆ. ಬಸು ಪ್ರಕರಣದ ನಂತರ, ಸಾಕ್ಷಿಯ ಸಹಿಯಿರುವ ಬಂಧನದ ಮೆಮೊ (ಬಂಧನದ ಲಿಖಿತ ದಾಖಲೆ) ಕಡ್ಡಾಯ. ‘ಸುಮ್ಮನೆ ಕೂರಿಸಿದ್ದೆವು’ ಎಂದು ಪೊಲೀಸರು ಜಾರಿಕೊಳ್ಳಲು ನೋಡುತ್ತಾರೆ. ಠಾಣೆಯ ಸಿಸಿಟಿವಿ ದೃಶ್ಯ ಅಳಿಸಬಾರದೆಂದು ಇವತ್ತೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಕ್ರಮ ಬಂಧನಕ್ಕೆ ಪರಿಹಾರವನ್ನೂ ಕೇಳೋಣ. 1983ರ ರುದುಲ್ ಷಾ ತೀರ್ಪು ಆ ದಾರಿ ತೆರೆದಿದೆ.

ಕಾನೂನು ವಿದ್ಯಾರ್ಥಿನಿ:
‘ಅಡಚಣೆ’ ಎಂದರೆ ಏನೆಂದು ಫಲಕದಲ್ಲಿ ಹೇಳಿಲ್ಲವಲ್ಲ, ಅದನ್ನೂ ಎತ್ತಬೇಕು. ಅಮೆರಿಕದ ಜಾಕ್ಸನ್‌ವಿಲ್ ನಗರದಲ್ಲಿ ಉದ್ದೇಶವಿಲ್ಲದೆ ಅಲೆಯುವವರನ್ನು ಹಿಡಿಯುವ ನಿಯಮವಿತ್ತು. ಅದರಡಿ ಬಂಧಿತರಾದ ಎಂಟು ಮಂದಿಯ ಪ್ರಕರಣದಲ್ಲಿ, 1972ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇಷ್ಟು ಅಸ್ಪಷ್ಟ ನಿಯಮ ಪೊಲೀಸರಿಗೆ ಮನಬಂದಂತೆ ಹಿಡಿಯಲು ಬಿಡುತ್ತದೆ ಎಂದು ಅದನ್ನು ರದ್ದುಪಡಿಸಿತು. ನಮ್ಮಲ್ಲಿಯೂ 2015ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಗಲು ಅಸ್ಪಷ್ಟತೆ ಒಂದು ಕಾರಣ.

ಚಿತ್ರದುರ್ಗದ ಹೂವಿನ ವ್ಯಾಪಾರಿ:
ತಮ್ಮಾ, ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯ ಸಭೆಯ ನಡಾವಳಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳು. ಅದರಲ್ಲಿ ಶೇ 40ರಷ್ಟಾದರೂ ನಮ್ಮಂಥ ವ್ಯಾಪಾರಿಗಳಿರಬೇಕು. ನಮ್ಮವರನ್ನು ಕೇಳದೆ ಫಲಕ ನೆಟ್ಟಿದ್ದರೆ ಅದು ಕಾಗದದಲ್ಲೇ ಗೊತ್ತಾಗುತ್ತದೆ. ದುಡ್ಡಿಲ್ಲವೆಂದು ಹಿಂಜರಿಯಬೇಡ, ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡು.

ಗಾಡಿಯವನ ತಮ್ಮ:
ಅಣ್ಣ ಮುಚ್ಚಳಿಕೆಯನ್ನು ಓದದೆ ಸಹಿ ಹಾಕಿದ್ದಾನೆ. ತಪ್ಪೊಪ್ಪಿಕೊಂಡೆ ಎಂದು ಬರೆದಿದ್ದರೆ?

ದಾವಣಗೆರೆಯ ವಕೀಲ:
ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಓದಿ ಹೇಳದೆ ಸಹಿ ಹಾಕಿಸಿಕೊಂಡರೆಂದು ಕೋರ್ಟಿಗೆ ಕೊಡುವ ಅಫಿಡವಿಟ್‌ನಲ್ಲಿ ಸ್ಪಷ್ಟವಾಗಿ ಬರೆಯೋಣ. ಗುರುತಿನ ಚೀಟಿ, ಫಲಕದ ಫೋಟೊ ತೆಗೆದುಕೊಂಡು ಅಣ್ಣನನ್ನೂ ಕರೆದುಕೊಂಡು ಬನ್ನಿ.