ಸ್ಟ್ಯಾಂಪ್ ಮಿಲ್ ಮಾದರಿ: ಐದು ಒನಕೆ ಯಾವ ಸರದಿಯಲ್ಲಿ ಬೀಳಬೇಕು?

ಪ್ರಶ್ನೆ:
ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹಳೆಯ ಕೆಜಿಎಫ್ ಕಾಲದ ಸ್ಟ್ಯಾಂಪ್ ಮಿಲ್ (ಚಿನ್ನದ ಅದಿರನ್ನು ಒನಕೆಗಳಿಂದ ಕುಟ್ಟಿ ಪುಡಿ ಮಾಡುವ ಗಿರಣಿ) ಮಾದರಿ ಮಾಡಿಸುತ್ತಿದ್ದೇವೆ. ಐದು ಒನಕೆ, ಒಂದು ಕ್ಯಾಮ್ ಶಾಫ್ಟ್ (ತಿರುಗುತ್ತಾ ಒನಕೆಗಳನ್ನು ಎತ್ತಿ ಬಿಡುವ ಕ್ಯಾಮ್‌ಗಳಿರುವ ದಂಡ), 12 ವೋಲ್ಟ್ ಗೇರ್ ಮೋಟಾರ್. ಪೀಣ್ಯದಲ್ಲಿ ಲೇತ್ ಕೆಲಸ ಮುಗಿದಿದೆ. ಮರಳು ಹಾಕಿ ಓಡಿಸಿದರೆ ಎಲ್ಲವೂ ಬಲಗಡೆ ಗುಡ್ಡೆಯಾಗುತ್ತದೆ, ಎಡಗಡೆಯ ಒನಕೆ ಬರೀ ತಳಕ್ಕೆ ಬಡಿಯುತ್ತದೆ. ಕ್ಯಾಮ್‌ಗಳನ್ನು ಎಡದಿಂದ 1-2-3-4-5 ಎಂದೇ ಕೂರಿಸಿದ್ದೇವೆ. ಪುಡಿಯಲ್ಲಿನ ಚಿನ್ನ ಹಿಡಿಯಲು ಮುಂದೆ ಇಡುವ ತಾಮ್ರದ ತಗಡಿಗೆ ನಿಜವಾದ ಪಾದರಸ ಹಚ್ಚಬಹುದೇ?

ಉತ್ತರ 1:
ತಪ್ಪಿರುವುದು ಆ ಸಾಲಿನಲ್ಲೇ ಸರ್. ಪ್ರತಿ ಒನಕೆಯೂ ಮರಳನ್ನು ಪಕ್ಕದ್ದರ ಕಡೆಗೆ ತಳ್ಳುತ್ತದೆ, ಕೊನೆಗೆ ಎಲ್ಲ ಒಂದು ಮೂಲೆ ಸೇರುತ್ತದೆ. 1-4-2-5-3 ಮಾಡಿ. ಹಳೆಯ ಗಿರಣಿಗಳಲ್ಲಿ ಕ್ಯಾಮ್‌ಗೆ ಒನಕೆ ಎತ್ತುವ ಎರಡು ಕೈ, ಶಾಫ್ಟಿನ ಒಂದು ಸುತ್ತಿಗೆ ಎರಡು ಏಟು. ನಿಮ್ಮದೂ ಹಾಗಿದ್ದರೆ ಈ ಸರದಿಯಲ್ಲಿ ಒಂದೊಂದಕ್ಕೂ 36 ಡಿಗ್ರಿ ಅಂತರ ಕೊಡಿ. ಒಂದೇ ಕೈಯಾದರೆ 72. ನಿಮಿಷಕ್ಕೆ 90 ಏಟಿಗೆ ಎರಡು ಕೈಯ ಶಾಫ್ಟ್ 45 ಸುತ್ತು ತಿರುಗಿದರೆ ಸಾಕು. ವೇಗ ಹೆಚ್ಚಾದರೆ ಒನಕೆ ಪೂರ್ತಿ ಇಳಿಯುವ ಮೊದಲೇ ಮುಂದಿನ ಕೈ ಬಂದು ಹೊಡೆಯುತ್ತದೆ, ಮುರಿಯುವುದು ಆಗಲೇ. ಒಣ ಮರಳು ಬೇಡ, ನೀರು ಹರಿಸಿ. ನೀರಿಲ್ಲದೆ ಪುಡಿ ಒರಳಿನ ಮುಂದಿನ ಜರಡಿ ದಾಟುವುದಿಲ್ಲ.

ಉತ್ತರ 2:
ಮಕ್ಕಳ ಎದುರು ಪಾದರಸ ಖಂಡಿತ ಬೇಡ. ಅದರ ಆವಿ ಕಣ್ಣಿಗೆ ಕಾಣುವುದಿಲ್ಲ, ಉಸಿರಿನೊಂದಿಗೆ ಒಳಹೋಗುತ್ತದೆ. ತಗಡನ್ನು ಉಜ್ಜಿ ಬೆಳ್ಳಿ ಬಣ್ಣ ಬಳಿಯಿರಿ, ಜತೆಗೆ ಹೇಗೆ ನಡೆಯುತ್ತಿತ್ತು ಎಂದು ಬರೆದಿಡಿ. ತಗಡಿಗೆ ಹತ್ತಿದ ಚಿನ್ನ-ಪಾದರಸದ ಮುದ್ದೆಯನ್ನು ಕೆರೆದು ತೆಗೆದು, ತೊಗಲಿನಲ್ಲಿ ಹಿಂಡಿ, ಒಳಗೆ ಸುಣ್ಣ ಬಳಿದ ಕಬ್ಬಿಣದ ಭಟ್ಟಿಪಾತ್ರೆಯಲ್ಲಿ ಕಾಯಿಸುತ್ತಿದ್ದರು. ಸುಣ್ಣ ಬಳಿಯದಿದ್ದರೆ ಚಿನ್ನ ಕಬ್ಬಿಣಕ್ಕೆ ಅಂಟುತ್ತದೆ. ಪಾದರಸ 357 ಡಿಗ್ರಿಗೆ ಕುದಿದು, ತಂಪು ಕೊಳವೆಯಲ್ಲಿ ಮತ್ತೆ ದ್ರವವಾಗಿ ಇಳಿಯುತ್ತದೆ. ಕೊಳವೆಯ ಬಾಯಿ ನೀರಿನಲ್ಲಿ ಮುಳುಗಿರಬಾರದು: ಬೆಂಕಿ ತಗ್ಗಿದಾಗ ಬಿಸಿ ಪಾತ್ರೆ ನೀರನ್ನು ಒಳಕ್ಕೆ ಎಳೆದುಕೊಂಡು ಸಿಡಿಯುತ್ತದೆ.

ಒನಕೆಗೆ ಗ್ರೀಸ್ ಹಚ್ಚುವಾಗಲೂ ಎಚ್ಚರ. ನಿಜವಾದ ಗಿರಣಿಯಲ್ಲಿ ಅದು ಒರಳಿಗೆ ತೊಟ್ಟಿಕ್ಕಿದರೆ ಪಾದರಸಕ್ಕೆ ಜಿಡ್ಡು ಕವಿದು ಚಿನ್ನವನ್ನು ಹಿಡಿಯದು.

ಉತ್ತರ 3:
ಮೋಟಾರ್ ಇರುವುದು ಸರಿಯೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೆಜಿಎಫ್ ತಲುಪಿತ್ತು, ಬೆಂಗಳೂರಿಗೆ ಬಂದದ್ದು 1905ರಲ್ಲಿ. ಪಕ್ಕದಲ್ಲಿ ಬೂದು ಪುಡಿಯ ಗುಡ್ಡೆಯನ್ನೂ ಇಡಿ. ತಗಡಿಗೆ ಸಿಗದ ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ, ಸತುವಿನ ಎಳೆಗಳ ಮೇಲೆ ಕೂರಿಸಿ ತೆಗೆಯುತ್ತಿದ್ದರು. ದ್ರಾವಣಕ್ಕೆ ಸುಣ್ಣ ಸಾಲದಿದ್ದರೆ ವಿಷಾನಿಲ ಏಳುತ್ತದೆ. ಅಲ್ಲಿ ಇಂದಿಗೂ ನಿಂತಿರುವ ಸೈನೈಡ್ ಗುಡ್ಡಗಳು ಅದರದೇ ಉಳಿಕೆ.

ಪ್ರಶ್ನೆ ಕೇಳಿದವರು:
ಸರದಿ ಬದಲಿಸಿದೆವು, ಮರಳು ಈಗ ಸಮನಾಗಿ ನಿಲ್ಲುತ್ತದೆ. ಆದರೆ ಒನಕೆಯ ತುದಿ ಓರೆಯಾಗಿ ಸವೆಯುತ್ತಿದೆ. ಒನಕೆಯ ಸರಳು ಚೌಕದ್ದು.

ಉತ್ತರ 1:
ದುಂಡು ಸರಳು ಹಾಕಿ. ಕ್ಯಾಮನ್ನು ಸರಳಿನ ನೇರ ಕೆಳಗಲ್ಲ, ಒಂದು ಬದಿಗೆ ಕೂರಿಸಬೇಕು. ಎತ್ತುವಾಗ ಉಜ್ಜಿ ಒನಕೆಯನ್ನು ತುಸು ತಿರುಗಿಸುತ್ತದೆ, ಆಗ ತುದಿ ಸುತ್ತಲೂ ಸಮನಾಗಿ ಸವೆಯುತ್ತದೆ.