ಅಪ್‌ಡೇಟ್: ‘ಗೇಮ್ ಆಫ್ ಥ್ರೋನ್ಸ್’ ಪೋಸ್ಟರ್ ಅಸಲಿಯೋ ನಕಲಿಯೋ ಗೊತ್ತಾಯಿತು

ಹೋದ ವಾರ ಕೇಳಿದ್ದೆ, ನೆನಪಿದೆಯಾ? ‘ಗೇಮ್ ಆಫ್ ಥ್ರೋನ್ಸ್’ ಅನ್ನೋ ಇಂಗ್ಲಿಷ್ ಟಿವಿ ಸರಣಿಯ, 2019ರ ಕೊನೆಯ ಸೀಸನ್‌ನ ಪ್ರಚಾರದ ಪೋಸ್ಟರ್ ಆನ್‌ಲೈನ್‌ನಲ್ಲಿ ಕೊಂಡಿದ್ದೆ, ಅಸಲಿ ಹೌದೋ ಅಲ್ಲವೋ ತಿಳಿಯುವುದು ಹೇಗೆ ಅಂತ.

ಮೊದಲು ಅಳತೆ ನೋಡಿದೆ. 27x40 ಇಂಚು, ಸರಿಯಾಗಿಯೇ ಇತ್ತು. ಕೆಳಗಿನ ಕಾಪಿರೈಟ್ ಸಾಲೂ ಇತ್ತು. ಆದರೆ ಅದನ್ನೂ ಸೇರಿಸಿಯೇ ನಕಲು ಮಾಡುತ್ತಾರಂತೆ, ಹಾಗಾಗಿ ಅದನ್ನು ನಂಬಬೇಡಿ. ನೋಟು ಪರೀಕ್ಷಿಸುವ ನೀಲಿ ಲೈಟ್ ಕೂಡ ಉಪಯೋಗಕ್ಕೆ ಬರಲಿಲ್ಲ. ಈಗಿನ ಬಿಳಿ ಕಾಗದ ಹೇಗಿದ್ದರೂ ಹೊಳೆಯುತ್ತದೆ.

ಕೆಲಸಕ್ಕೆ ಬಂದಿದ್ದು ‘ಭೂತಗನ್ನಡಿಯಲ್ಲಿ ಸಣ್ಣ ಅಕ್ಷರ ನೋಡಿ’ ಅಂದವರ ಸಲಹೆ. ಅವರಿಗೆ ತುಂಬಾ ಥ್ಯಾಂಕ್ಸ್! ತುಮಕೂರಿನ ಎಂ.ಜಿ. ರಸ್ತೆ ಹತ್ತಿರ ನಮಗೆ ಪರಿಚಯದ ವಾಚ್ ರಿಪೇರಿ ಅಣ್ಣ ಇದ್ದಾರೆ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅವರ ಭೂತಗನ್ನಡಿ ಕೇಳಿ ತಗೊಂಡೆ. ಅಸಲಿ ಮುದ್ರಣದಲ್ಲಿ ಕಪ್ಪು ಅಕ್ಷರ ಗಟ್ಟಿಯಾಗಿ, ಅಂಚು ಚೂಪಾಗಿ ಇರಬೇಕು. ಪೋಸ್ಟರನ್ನು ಸ್ಕ್ಯಾನ್ ಮಾಡಿ ಮತ್ತೆ ಮುದ್ರಿಸಿದರೆ ಅಕ್ಷರವೂ ಬಣ್ಣದ ಚುಕ್ಕೆಗಳಾಗಿ ಒಡೆಯುತ್ತದೆ. ನನ್ನದರಲ್ಲಿ ಎಲ್ಲಾ ಅಕ್ಷರವೂ ಚುಕ್ಕೆ ಚುಕ್ಕೆ. ಅಣ್ಣನೂ ನೋಡಿ, ‘ಇದು ಕಾಪಿನೇ ಕಣಪ್ಪಾ’ ಅಂದರು. ಬೇಜಾರಾಯಿತು, ಸುಳ್ಳು ಹೇಳಲ್ಲ.

ಅಕ್ಷರದ ಕ್ಲೋಸಪ್ ಫೋಟೋ ಕಳಿಸಿದ ಮೇಲೆ ಮಾರಿದವರು ದುಡ್ಡು ವಾಪಸ್ ಕೊಟ್ಟರು. ಲ್ಯಾಮಿನೇಷನ್ ಮಾಡಿಸಿ ಅಂದಿದ್ದರು ಒಬ್ಬರು. ದಯವಿಟ್ಟು ಬೇಡ, ಒಮ್ಮೆ ಮಾಡಿಸಿದರೆ ಮತ್ತೆ ಬಿಡಿಸಲು ಆಗಲ್ಲ, ಸಂಗ್ರಹಕಾರರೂ ಕೊಳ್ಳಲ್ಲ.

ಈಗ ಇನ್ನೊಂದು ಪೋಸ್ಟರ್ ನೋಡಿಟ್ಟಿದ್ದೇನೆ. ಈ ಸಲ ದುಡ್ಡು ಕೊಡುವ ಮೊದಲೇ ಅಕ್ಷರದ ಫೋಟೋ ಕೇಳಿದ್ದೇನೆ.