ಗ್ಲೈಕಾಲ್ ಉಳಿಸಿಕೊಳ್ಳುವುದೋ, ಮಾಲಿಕ್ಯುಲರ್ ಸೀವ್‌ಗೆ ಹೋಗುವುದೋ? ಅನುಭವಿಗಳು ತಿಳಿಸಿ

ಪ್ರಶ್ನೆ: ನಾವು ಕಳಿಸುವ ನೈಸರ್ಗಿಕ ಅನಿಲದಲ್ಲಿ ನೀರಿನಂಶ ಹೆಚ್ಚಾಗಿದೆ ಎಂದು ಪೈಪ್‌ಲೈನ್‌ನವರು ಪದೇ ಪದೇ ನಮ್ಮ ಕವಾಟ ಮುಚ್ಚುತ್ತಿದ್ದಾರೆ. ಒಪ್ಪಂದದ ಮಿತಿ ದಶಲಕ್ಷ ಘನ ಅಡಿಗೆ 7 ಪೌಂಡ್. ಅನಿಲದ ನೀರನ್ನು ದ್ರವದಿಂದ ಹೀರುವ ಹಳೆಯ ಗ್ಲೈಕಾಲ್ ಘಟಕವನ್ನೇ ದುರಸ್ತಿ ಮಾಡಿಸಬೇಕೇ, ಸೂಕ್ಷ್ಮರಂಧ್ರದ ಕಾಳುಗಳ ಹಾಸಿನಲ್ಲಿ ನೀರು ಹಿಡಿಯುವ ಸೀವ್ ಹಾಕಿಸಬೇಕೇ? ಅನಿಲದಿಂದ ಹೈಡ್ರೋಜನ್ ಸಲ್ಫೈಡ್, ಇಂಗಾಲದ ಡೈಆಕ್ಸೈಡ್ ತೆಗೆಯುವ ಅಮೈನ್ ಘಟಕ ಗ್ಲೈಕಾಲ್‌ಗಿಂತ ಮೊದಲೇ ಬರುತ್ತದೆ.

ಸ್ಥಾವರ ಮೇಲ್ವಿಚಾರಕ: ಗ್ಲೈಕಾಲ್ ಬಿಡಬೇಡಿ. ನಮ್ಮಲ್ಲಿ ಸಲಹೆಗಾರರು ಮೊದಲು ಪಂಪ್ ಬದಲಿಸಿ ಎಂದರು, ಆಮೇಲೆ ಗೋಪುರದ ಪ್ಯಾಕಿಂಗ್ ಎಂದರು. ಎರಡಕ್ಕೂ ದುಡ್ಡು ಸುರಿದೆವು, ನೀರು ಇಳಿಯಲಿಲ್ಲ. ಗ್ಲೈಕಾಲ್ ಕಾಯಿಸಿ ನೀರು ಹೊರಹಾಕುವ ರೀಬಾಯ್ಲರ್ ಬಿಚ್ಚಿದಾಗ ಬೆಂಕಿ ಕೊಳವೆಯ ಮೇಲೆ ಉಪ್ಪು ಬೆರಳು ದಪ್ಪ ಹೆಪ್ಪುಗಟ್ಟಿತ್ತು. ಹೊಸ ಕೊಳವೆ, ಹೊಸ ಗ್ಲೈಕಾಲ್, ಅದರ ಮೇಲೆ ನಿಂತುಹೋದ ಉತ್ಪಾದನೆಯ ನಷ್ಟ. ಉರಿ ಏರಿಸಿ ಸರಿಮಾಡಲಾಗದು. 204 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟ್ರೈಎಥಿಲೀನ್ ಗ್ಲೈಕಾಲೇ ಒಡೆಯುತ್ತದೆ. ಉಳಿದ ನೀರನ್ನು ಹೊತ್ತೊಯ್ಯಲು ಸ್ಟ್ರಿಪ್ಪಿಂಗ್ ಅನಿಲ ಕೊಟ್ಟ ಮೇಲೆಯೇ ಗ್ಲೈಕಾಲ್‌ನ ಶುದ್ಧತೆ 99 ಶೇಕಡಾ ದಾಟಿತು. ಅಂದಿನಿಂದ ಕವಾಟ ಮುಚ್ಚಿಲ್ಲ.

ಸೀವ್ ಬಳಕೆದಾರ: ಉಪ್ಪು ಕೆರೆಯುತ್ತಾ ಕೂರುವುದು ಒಂದು ವೃತ್ತಿಯೇ? ನಾವು ಅನಿಲವನ್ನು ಹಿಗ್ಗಿಸಿ ತೀರಾ ತಣ್ಣಗಾಗಿಸುವ ಟರ್ಬೊ ಎಕ್ಸ್‌ಪ್ಯಾಂಡರ್‌ನಲ್ಲಿ ಈಥೇನ್ ತೆಗೆಯುತ್ತೇವೆ. ಆ ಚಳಿಗೆ ನೀರಿನ ಸುಳಿವಿದ್ದರೂ ಮಂಜುಗಡ್ಡೆಯಂಥ ಹೈಡ್ರೇಟ್ ಕಟ್ಟಿ ಶೀತಲ ಪೆಟ್ಟಿಗೆ (ಶಾಖ ವಿನಿಮಯಕ) ಮುಚ್ಚಿಹೋಗುತ್ತದೆ. ಸೀವ್ ಒಂದೇ ದಾರಿ. ಖರ್ಚಿದೆ, ಒಪ್ಪುತ್ತೇನೆ: ಸೀವ್‌ಗೆ ಮೊದಲಿರುವ ಸೆಪರೇಟರ್‌ನಿಂದ ದ್ರವ ನುಗ್ಗಿ ನಮ್ಮ ಹಾಸಿನ ಮೇಲ್ಪದರದ ಕಾಳುಗಳೆಲ್ಲ ಪುಡಿಯಾದವು, ಪುಡಿ ಹೋಗಿ ಫಿಲ್ಟರ್ ಕಟ್ಟಿತು, ಅವಧಿಗೆ ಮುನ್ನವೇ ಹಾಸು ಬದಲಿಸಬೇಕಾಯಿತು. ಹಾಸು ಒಣಗಿಸಿ ಮತ್ತೆ ಬಳಸಲು 290 ಡಿಗ್ರಿಯ ಅನಿಲ ಬೇಕು, ಆ ಇಂಧನದ ಲೆಕ್ಕ ಪ್ರತ್ಯೇಕ.

ಸ್ಥಾವರ ಮೇಲ್ವಿಚಾರಕ: ಅವರು ಕೇಳಿದ್ದು 7 ಪೌಂಡ್. ಈಥೇನ್ ಸುದ್ದಿ ಯಾರು ಎತ್ತಿದರು?

ಸೀವ್ ಬಳಕೆದಾರ: ನಾಳೆ ಎತ್ತುತ್ತಾರೆ. ಆಗ ಎರಡನೇ ಸಲ ಬಂಡವಾಳ ಹೂಡುವವರು ತಾವೇ?

ಅಮೈನ್ ಘಟಕದವರು: ಇಬ್ಬರೂ ತಪ್ಪು ಗೋಪುರದ ಸುತ್ತ ಜಗಳವಾಡುತ್ತಿದ್ದೀರಿ. ನಮ್ಮಲ್ಲಿ ಅಮೈನ್ ನೊರೆಯೆದ್ದು ಗ್ಲೈಕಾಲ್‌ಗೇ ಹಾರುತ್ತಿತ್ತು. ಒಳಬರುವ ಅನಿಲಕ್ಕಿಂತ ಅಮೈನ್ ಸುಮಾರು 5 ಡಿಗ್ರಿ ಬೆಚ್ಚಗಿರಬೇಕು, ಇಲ್ಲದಿದ್ದರೆ ಭಾರವಾದ ಹೈಡ್ರೋಕಾರ್ಬನ್ ಗೋಪುರದೊಳಗೇ ದ್ರವವಾಗಿ ನೊರೆ ಎಬ್ಬಿಸುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ಕೂಲರ್ ಫ್ಯಾನ್ ನಿಲ್ಲಿಸಿದ ಮೇಲೆ ನಮ್ಮ ನೊರೆ ಅಡಗಿತು.

ಸೀವ್ ಬಳಕೆದಾರ: ನೊರೆನಾಶಕ ಹಾಕಿದರೆ ಮುಗಿಯಿತಲ್ಲ.

ಅಮೈನ್ ಘಟಕದವರು: ಮುಗಿಯುವುದಿಲ್ಲ! ಸಿಲಿಕೋನ್ ನೊರೆನಾಶಕ ಅತಿಯಾದರೆ ಅದೇ ನೊರೆ ಹೆಚ್ಚಿಸುತ್ತದೆ, ಇದ್ದಿಲಿನ ಫಿಲ್ಟರ್‌ನಲ್ಲೂ ಸಿಕ್ಕಿಬೀಳುತ್ತದೆ. ಆ ಇದ್ದಿಲು ಬದಲಿಸಿದ ಬಿಲ್ ಇನ್ನೂ ನನ್ನ ಮೇಜಿನ ಮೇಲಿದೆ.